ಗಾಯ ಮಾಗಿದೆ, ಕೈ ಯಾಕೆ ಇನ್ನೂ ಸರಿಹೋಗಿಲ್ಲ?

ಪ್ರಶ್ನೆ: ನಾವು ಅರಕಲಗೂಡು ತಾಲ್ಲೂಕಿನ ಹಳ್ಳಿಯವರು. ಮೂರು ಹಸು ಸಾಕಿದ್ದೇವೆ. ಹತ್ತು ವಾರದ ಹಿಂದೆ ಮೇವು ಕತ್ತರಿಸುವ ಮೆಷಿನ್ನಿನ ಬ್ಲೇಡ್ ಬಿಚ್ಚಿ ತೊಳೆಯುವಾಗ ಅದು ಜಾರಿ ನನ್ನ ಹೆಂಡತಿಯ ಬಲ ಅಂಗೈ ಸೀಳಿತು. ನಡುಬೆರಳು ಮತ್ತು ಉಂಗುರದ ಬೆರಳಿನ ಟೆಂಡನ್ (ಬೆರಳು ಮಡಚುವ ಹಗ್ಗದಂಥ ನಾರು), ನರ ಎರಡೂ ಕಟ್ಟಾಗಿದ್ದವು. ಅದೇ ದಿನ ಆಪರೇಷನ್ ಆಯಿತು. ಆರು ವಾರ ಕೈ ಅಲ್ಲಾಡದಂತೆ ಸ್ಪ್ಲಿಂಟ್ ಕಟ್ಟಿದ್ದರು. ಈಗ ಗಾಯ ಪೂರ್ತಿ ಮಾಗಿದೆ. ಆದರೆ ಆ ಎರಡು ಬೆರಳು ಅರ್ಧ ಮಾತ್ರ ಮಡಚುತ್ತವೆ, ತುದಿಯಲ್ಲಿ ಸ್ಪರ್ಶವೇ ಇಲ್ಲ, ಮುಟ್ಟಿದರೆ ಜುಮ್ ಅನ್ನುತ್ತದಂತೆ. ಹಾಲು ಕರೆಯೋದು, ಅಡುಗೆ, ಬಟ್ಟೆ ಎಲ್ಲ ನಾನೇ ಮಾಡುತ್ತಿದ್ದೇನೆ. ಅವಳಿಗೆ ಒಂದು ಲೋಟ ಎತ್ತಲೂ ಬಿಡುವುದಿಲ್ಲ. ಆದರೂ ನನ್ನ ಮೇಲೇ ರೇಗುತ್ತಾಳೆ, ರಾತ್ರಿ ಅಳುತ್ತಾಳೆ. ನಮ್ಮವ್ವ 'ಗಾಯ ಮಾಗಿ ತಿಂಗಳಾಯ್ತು, ಇನ್ನೂ ಎಂಥ ನೋವು' ಅಂತಾರೆ. ನಾಟಿ ವೈದ್ಯರ ಹತ್ತಿರ ತಿಕ್ಕಿಸಿ ಬೆರಳು ಎಳೆಸೋಣ ಅಂತಲೂ ಹೇಳುತ್ತಿದ್ದಾರೆ. ಅವಳು ಯಾವಾಗ ಹಾಲು ಕರೆಯಬಹುದು? ಒಂದು ಹಸು ಮಾರಿಬಿಡಲಾ? ನಿಜ ಹೇಳಬೇಕೆಂದರೆ ನನಗೂ ಸಾಕಾಗಿದೆ.

ಉತ್ತರ: ಹಾಲಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಈಗ ಬೇಡ. ಹೊಲಿದ ಟೆಂಡನ್ ಜೋರಾದ ಹಿಡಿತ ತಡೆದುಕೊಳ್ಳಲು ಸಾಮಾನ್ಯವಾಗಿ 12 ವಾರ ಬೇಕು. ಹಾಲು ಕರೆಯುವುದು ಅಂದರೆ ಒಂದೇ ಹಿಡಿತವನ್ನು ನೂರಾರು ಸಲ ಹಿಂಡುವುದು. ಅದರ ಮೇಲೆ ಹಸು ಒದ್ದರೆ ಕೈ ತಟ್ಟನೆ ಎಳೆದುಕೊಳ್ಳಬೇಕು. 'ಎಡಗೈಲಿ ಕರೀತೀನಿ' ಎಂದು ನಿಮ್ಮ ಹೆಂಡತಿ ಹೇಳಬಹುದು. ಬಲಗೈ ಆ ಒದೆತಕ್ಕೆ ಸಿಕ್ಕುವ ಜಾಗದಲ್ಲೇ ಇರುತ್ತದೆ, ಹಾಗಾಗಿ ಅದೂ ಬೇಡ. 12 ವಾರ ಆದ ಮೇಲೆ, ಆಪರೇಷನ್ ಮಾಡಿದ ಡಾಕ್ಟರ್ ಹೂಂ ಎಂದರೆ, ಸಾಧುವಾದ ಹಸುವಿನ ಹತ್ತಿರ ಕೊನೆಯ ನಾಲ್ಕು ಎಳೆತದಿಂದ ಶುರು ಮಾಡಲಿ. ಮಾರನೆಯ ದಿನ ಬೆರಳು ಊದಿಕೊಳ್ಳದಿದ್ದರೆ ಸ್ವಲ್ಪ ಜಾಸ್ತಿ. ಮೂರೂ ಹಸುವನ್ನು ಒಬ್ಬರೇ ಕರೆಯುವ ಮಟ್ಟಕ್ಕೆ ಬರಲು ಇನ್ನೂ ಕೆಲವು ತಿಂಗಳು ಇಟ್ಟುಕೊಳ್ಳಿ. ಹಿಡಿತದ ಬಲ ಒಂದು ವರ್ಷದವರೆಗೂ ಕೂಡುತ್ತಾ ಹೋಗುತ್ತದೆ.

ಇನ್ನು ನಿಮ್ಮವ್ವನ ಮಾತು. ಅವರದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಹೊರಗೆ ಕಾಣುವುದನ್ನು ನೋಡಿ ಅವರು ಮಾತಾಡುತ್ತಿದ್ದಾರೆ. ಚರ್ಮ ಕೂಡಲು ಎರಡು ವಾರ ಸಾಕು. ಒಳಗಿನ ಲೆಕ್ಕವೇ ಬೇರೆ. ಟೆಂಡನ್ ಒಂದು ಕೊಳವೆಯೊಳಗೆ ಹಿಂದೆ ಮುಂದೆ ಜಾರುತ್ತಿರಬೇಕು, ಸೈಕಲ್ ಬ್ರೇಕಿನ ತಂತಿ ಅದರ ಕವರಿನೊಳಗೆ ಜಾರುವ ಹಾಗೆ. ಕಟ್ಟಾದ ಜಾಗ ಮಾಗುವಾಗ ಅದು ಸುತ್ತಲಿನ ಮಾಂಸಕ್ಕೆ, ಗಾಯದ ಗುರುತಿಗೆ ಅಂಟಿಕೊಳ್ಳುತ್ತದೆ. ಬೆರಳು ಅರ್ಧಕ್ಕೇ ನಿಲ್ಲುವುದಕ್ಕೆ ಮುಖ್ಯ ಕಾರಣ ಇದೇ.

ನರದ್ದು ಇನ್ನೂ ನಿಧಾನ. ಹೊಲಿದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಅಂಗೈ ಮಧ್ಯದಿಂದ ಬೆರಳ ತುದಿಗೆ ಹೆಚ್ಚುಕಡಿಮೆ 10 ಸೆಂಟಿಮೀಟರ್. ಅಂದರೆ 100 ದಿನ. ಬೆಳೆಯಲು ಶುರುವಾಗುವ ಮುಂಚಿನ ಕೆಲವು ವಾರ ಬೇರೆ. ಹತ್ತು ವಾರಕ್ಕೆ ತುದಿಯಲ್ಲಿ ಸ್ಪರ್ಶ ಇಲ್ಲದಿರುವುದು ಸಹಜವೇ. ನೀವು ಹೇಳಿದ ಆ ಜುಮ್ ಅನ್ನುವುದು ಒಳ್ಳೆಯ ಲಕ್ಷಣ. ಗಾಯದ ಗುರುತಿನಿಂದ ತುದಿಯ ಕಡೆಗೆ ಬೆರಳಲ್ಲಿ ಮೆಲ್ಲಗೆ ತಟ್ಟುತ್ತಾ ಹೋಗಿ. ಎಲ್ಲಿ ಜೋರಾಗಿ ಜುಮ್ ಅನ್ನುತ್ತದೋ ನರ ಹೆಚ್ಚುಕಡಿಮೆ ಅಲ್ಲಿಗೆ ಬಂದಿದೆ. ತಿಂಗಳಿಗೊಮ್ಮೆ ಪೆನ್ನಿನಲ್ಲಿ ಗುರುತು ಹಾಕಿ ಫೋಟೋ ತೆಗೆದಿಟ್ಟುಕೊಳ್ಳಿ. ಗುರುತು ಮುಂದಕ್ಕೆ ಹೋಗುವುದನ್ನು ಕಣ್ಣಾರೆ ನೋಡಿದರೆ ನಿಮ್ಮ ಹೆಂಡತಿಗೂ ಧೈರ್ಯ ಬರುತ್ತದೆ. ತಿಂಗಳುಗಟ್ಟಲೆ ಒಂದೇ ಕಡೆ ನಿಂತಿದ್ದರೆ ಡಾಕ್ಟರಿಗೆ ತಿಳಿಸಿ.

ನಾಟಿ ವೈದ್ಯರ ಹತ್ತಿರ ಬೆರಳು ಎಳೆಸುವುದು ಖಂಡಿತ ಬೇಡ. ಹೊಲಿದ ಟೆಂಡನ್ ಕಿತ್ತುಬಂದರೆ ಮತ್ತೆ ಆಪರೇಷನ್, ಮತ್ತೆ ಮೊದಲಿನಿಂದ. ನಿನ್ನೆ ಮಡಚುತ್ತಿದ್ದ ಬೆರಳು 'ಟಕ್' ಅಂದು ಇವತ್ತು ಮಡಚುವುದೇ ಇಲ್ಲ ಅಂತಾದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ತಿಕ್ಕುವುದು ಬೇಕು, ಆದರೆ ಅದನ್ನು ನಿಮ್ಮ ಹೆಂಡತಿಯೇ ಮಾಡಿಕೊಳ್ಳಲಿ. ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ, ಎಡಗೈ ಹೆಬ್ಬೆರಳಿನಿಂದ ಗಾಯದ ಗುರುತನ್ನು ಒತ್ತಿ ಸಣ್ಣ ಸಣ್ಣ ಸುತ್ತು ತಿರುಗಿಸುವುದು. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಗಟ್ಟಿಯಾಗಿ ಅಂಟಿಕೊಂಡ ಗುರುತು ಸಡಿಲ ಆಗುವುದು ಹೀಗೆ.

ನೀವು ಮನೆಯಲ್ಲೇ ಒಂದು ವಿಷಯ ನೋಡಬಹುದು. ಬಿಗಿದಿರುವ ಬೆರಳನ್ನು ಅವರು ತಮ್ಮ ಎಡಗೈಯಿಂದ ಮೆಲ್ಲಗೆ ಮಡಚಲಿ. ಹಾಗೆ ಪೂರ್ತಿ ಮಡಚಿ, ತಾನಾಗಿ ಮಾತ್ರ ಮಡಚದಿದ್ದರೆ ಟೆಂಡನ್ ಅಂಟಿಕೊಂಡಿದೆ. ಎಡಗೈ ಸಹಾಯ ಕೊಟ್ಟರೂ ಮಡಚದಿದ್ದರೆ ಗೆಣ್ಣೇ ಬಿಗಿದಿದೆ. ಎರಡಕ್ಕೂ ವ್ಯಾಯಾಮ ಬೇರೆ ಬೇರೆ. ಮೊದಲನೆಯದಾದರೆ ಬೆರಳಿನ ನಡುಗೆಣ್ಣನ್ನು ನೆಟ್ಟಗೆ ಹಿಡಿದು ತುದಿ ಮಾತ್ರ ಮಡಚುವುದು, ಆಮೇಲೆ ಬೆರಳು ನೆಟ್ಟಗೆ, ಕೊಕ್ಕೆ, ಪೂರ್ತಿ ಮುಷ್ಟಿ, ಹೀಗೆ ಒಂದಾದ ಮೇಲೊಂದು. ಎರಡನೆಯದಾದರೆ ಗೆಣ್ಣು ಸಡಿಲಿಸುವುದನ್ನು ಫಿಸಿಯೋಥೆರಪಿಸ್ಟ್ ಕೈಹಿಡಿದು ತೋರಿಸಬೇಕು, ಬರೆದು ಕಲಿಸುವುದು ಕಷ್ಟ. ದಿನಕ್ಕೊಂದು ಸಲ ಕೂತು ಅರ್ಧ ಗಂಟೆ ಕೈ ದಣಿಸುವುದಕ್ಕಿಂತ ಗಂಟೆಗೊಮ್ಮೆ ಹತ್ತು ಸಲ ಮಾಡುವುದು ಎಷ್ಟೋ ಮೇಲು. ಹಾಸನಕ್ಕೆ ಬಸ್ಸು ಹತ್ತಿ ಬಂದರೆ ಒಂದು ದಿನದ ಕೆಲಸ ಕೆಡುತ್ತದೆ, ಅದು ನನಗೆ ಗೊತ್ತು. ಫಿಸಿಯೋಥೆರಪಿಗೆ ಬರುವುದನ್ನು ಜನ ನಿಲ್ಲಿಸುವುದೂ ಹೆಚ್ಚಾಗಿ ಇದಕ್ಕೇ. ದಿನಾ ಬರುವ ಅಗತ್ಯ ಇಲ್ಲ. ಎರಡು ವಾರಕ್ಕೊಮ್ಮೆ ಬಂದು ಸರಿಯಾಗಿ ಮಾಡುತ್ತಿದ್ದೀರಾ ಎಂದು ತೋರಿಸಿಕೊಂಡು, ಉಳಿದದ್ದನ್ನು ಮನೆಯಲ್ಲಿ ಮಾಡಿದರೆ ನಡೆಯುತ್ತದೆ. ಇಷ್ಟೆಲ್ಲ ಮಾಡಿಯೂ ತಿಂಗಳುಗಟ್ಟಲೆ ಬದಲಾವಣೆ ಕಾಣದಿದ್ದರೆ ಅಂಟಿದ್ದನ್ನು ಬಿಡಿಸುವ ಇನ್ನೊಂದು ಆಪರೇಷನ್ ಇದೆ. ಅದರ ಮಾತು ಈಗಲೇ ಬೇಡ.

ಈಗ ನಿಮಗೆ ಸ್ವಲ್ಪ ಕಹಿ ಅನ್ನಿಸಬಹುದಾದ ಮಾತು. 'ಒಂದು ಲೋಟ ಎತ್ತಲೂ ಬಿಡುವುದಿಲ್ಲ' ಎಂದು ಬರೆದಿದ್ದೀರಿ. ಮೊದಲ ಆರು ವಾರಕ್ಕೆ ಅದು ಸರಿ ಇತ್ತು. ಈಗ ಅದೇ ತೊಂದರೆ ಕೊಡುತ್ತಿದೆ. ಬಳಸದ ಕೈ ಬಿಗಿಯುತ್ತದೆ. ಅದಕ್ಕಿಂತ ಜಾಸ್ತಿ, ಬಳಸಲು ಬಿಡದ ಮನುಷ್ಯ ಒಳಗೊಳಗೇ ಕುಗ್ಗುತ್ತಾರೆ. ಬೆಳಗಾದರೆ ಕೊಟ್ಟಿಗೆ, ಕ್ಯಾನ್, ಡೈರಿ ಎಂದು ಓಡಾಡುತ್ತಿದ್ದವರು ಈಗ ಜಗುಲಿ ಮೇಲೆ ಕೂತು ನೀವು ದಣಿಯುವುದನ್ನು ನೋಡುತ್ತಿದ್ದಾರೆ. ಅವರ ಸಿಟ್ಟು ನಿಮ್ಮ ಮೇಲಲ್ಲ ಅನ್ನಿಸುತ್ತದೆ ನನಗೆ. ಪಕ್ಕದಲ್ಲಿರುವವರು ನೀವು, ಹಾಗಾಗಿ ನಿಮ್ಮ ಮೇಲೆ ಬೀಳುತ್ತದೆ.

ಹಾಗಾದರೆ ಏನು ಕೊಡಬಹುದು? ಅಡುಗೆಮನೆಯಲ್ಲೇ ಬೇಕಾದಷ್ಟಿದೆ. ಅವರೆಕಾಯಿ ಕಾಲ ಬಂತಲ್ಲ, ಕಾಯಿ ಸುಲಿಯಲು ಕೊಡಿ. ಸಿಪ್ಪೆಯ ಅಂಚು ಹುಡುಕಿ, ಬಿಡಿಸಿ, ಕಾಳು ತಳ್ಳುವುದರಲ್ಲಿ ಬೆರಳಿಗೆ ಬೇಕಾದ ವ್ಯಾಯಾಮ ಎಲ್ಲ ಇದೆ. ಅದು ಸಲೀಸಾದ ಮೇಲೆ ಹಿತಕಿದ ಅವರೆ. ನೆನೆಸಿದ ಕಾಳನ್ನು ಹೆಬ್ಬೆರಳು ಮತ್ತು ನಡುಬೆರಳ ನಡುವೆ ಹಿಡಿದು ಒತ್ತಿ ಪುಳಕ್ಕನೆ ಹೊರಗೆ ಹಾರಿಸಬೇಕು. ಆಮೇಲೆ ಉಂಗುರದ ಬೆರಳಲ್ಲಿ. ಕಾಳು ಜಾರಿ ಅಡುಗೆಮನೆ ತುಂಬ ಉರುಳಲಿ ಬಿಡಿ, ಬೈಯಬೇಡಿ. ಆಸ್ಪತ್ರೆಯಲ್ಲಿ ನಾವು ಕೊಡುವ ರಬ್ಬರ್ ಚೆಂಡಿಗಿಂತ ಇದು ಮೇಲು ಎಂದೇ ನನ್ನ ಅಭಿಪ್ರಾಯ. ಚೆಂಡು ಹಿಸುಕುವುದು ಎರಡೇ ದಿನಕ್ಕೆ ಬೇಜಾರಾಗುತ್ತದೆ, ಅವರೆಗೆ ಸಂಜೆ ಸಾರು ಆಗುವ ಗುರಿ ಇದೆ.

ಸ್ಪರ್ಶ ಕಲಿಸಲು ಬೇರೆ ಬೇರೆ ಬಟ್ಟಲಲ್ಲಿ ರಾಗಿ, ಹುರುಳಿ, ಅಕ್ಕಿ, ಹತ್ತಿ ಇಟ್ಟು ಬೆರಳಾಡಿಸಲಿ. ಮೊದಲು ನೋಡಿಕೊಂಡು, ಆಮೇಲೆ ಕಣ್ಣು ಮುಚ್ಚಿ ಯಾವುದು ಎಂದು ಹೇಳಲಿ. ಹೊಸದಾಗಿ ಬೆಳೆದ ನರ ಕಳಿಸುವ ಸುದ್ದಿಯನ್ನು ಮಿದುಳು ಮತ್ತೆ ಓದಲು ಕಲಿಯಬೇಕು. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಆಟದ ಹಾಗೆ ಮಾಡಿಸಬಹುದು.

ಬಿಸಿಯಿಂದ ಮಾತ್ರ ಹುಷಾರು. ಮುದ್ದೆ ಕಟ್ಟುವುದು ಈಗ ಬೇಡವೇ ಬೇಡ. ಸ್ಪರ್ಶ ಇಲ್ಲದ ಬೆರಳಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದ ಮೇಲೆಯೇ ಕಣ್ಣಿಗೆ ಬೀಳುವುದು. ಹಂಡೆ ನೀರನ್ನು ಎಡಗೈಯಲ್ಲಿ ಮುಟ್ಟಿ ನೋಡಲಿ. ಇಕ್ಕಳ, ಮಸಿಬಟ್ಟೆ ಇಲ್ಲದೆ ಪಾತ್ರೆ ಮುಟ್ಟಬಾರದು. ಚಳಿ ಶುರುವಾದರೆ ಆ ಬೆರಳು ಬೆಳ್ಳಗಾಗಿ ಕಡಿಯುವ ನೋವು ಬರಬಹುದು. ನರಕ್ಕೆ ಪೆಟ್ಟಾದವರಲ್ಲಿ ಇದು ತುಂಬ ಸಾಮಾನ್ಯ, ಒಂದೆರಡು ವರ್ಷ ಇದ್ದರೂ ಇರಬಹುದು. ಉಲ್ಲನ್ ಗ್ಲೌಸ್ ಹಾಕಿಕೊಳ್ಳಲಿ, ಮುಂಜಾನೆ ತಣ್ಣೀರಲ್ಲಿ ಪಾತ್ರೆ ತೊಳೆಯುವುದು ಬೇಡ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಇದ್ದರೆ ಕೆಲವು ತಿಂಗಳಾದರೂ ಬಿಡಲಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಸಿ ಮಾಗುವುದನ್ನು ತಡಮಾಡುತ್ತದೆ. ಇಡೀ ಕೈ ಊದಿ, ಬಣ್ಣ ಬದಲಾಗಿ, ಬೆವರಿ, ಬಟ್ಟೆ ತಾಗಿದರೂ ಉರಿ ಉರಿ ಅಂದರೆ ಮಾತ್ರ ಅದು ಬೇರೆಯೇ ತೊಂದರೆ. ಅಂಥದ್ದಕ್ಕೆ ಬೇಗ ಔಷಧ ಶುರುವಾಗಬೇಕು.

ಇನ್ನೂ ಕೆಲವು ವಿಷಯ ಇದೆ, ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಜಡೆ ಹೆಣೆಯಲು ಆಗದು, ಬ್ಲೌಸ್ ಹುಕ್ ಹಾಕಲು ಆಗದು, ಸ್ನಾನಕ್ಕೆ ಇನ್ನೊಬ್ಬರು ಬೇಕು. ಇದನ್ನೆಲ್ಲ ಅತ್ತೆಯ ಹತ್ತಿರ ಕೇಳುವುದಕ್ಕೆ ಹೆಣ್ಣುಮಗಳಿಗೆ ಎಷ್ಟು ಮುಜುಗರ ಅಲ್ವಾ? ಜಡೆ ಹಾಕುವುದು ನೀವು ಕಲಿಯಿರಿ. ಹುಕ್ ಬದಲು ವೆಲ್ಕ್ರೋ ಹಾಕಿಸಿ, ಟೈಲರ್ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತು ಎಡಗೈಯಲ್ಲಿ ಉಣ್ಣಲು ನಾಚಿಕೆಯಾಗಿ ಅವರು ಹೋಗುವುದನ್ನೇ ಬಿಟ್ಟಿರಬಹುದು. ಮನೆಯಲ್ಲಿ ಬಲಗೈಯಲ್ಲಿ ತಿನ್ನಲು ಶುರು ಮಾಡಲಿ. ಮೊದಲು ಅವಲಕ್ಕಿ, ಆರಿದ ಚಿತ್ರಾನ್ನ. ಅರ್ಧ ಚೆಲ್ಲಿದರೂ ಬಾಯಿಗೆ ಹೋಗುವ ಅರ್ಧ ಅವರ ಕೈಯದ್ದೇ.

ಹಸು ಮಾರುವುದು ನನ್ನ ಕ್ಷೇತ್ರ ಅಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ: ಅವರನ್ನು ಕೇಳದೆ ಮಾರಬೇಡಿ. ಆ ಹಸು ಜೊತೆ ಅವರ ಸಂಪಾದನೆಯೂ ಇದೆ. ಹೊಸಬರ ಕೈಗೆ ಹಸು ಬೆದರಿ ಹಾಲು ಇಳಿಸದೇ ಇರುವುದು ನಿಮಗೂ ಅನುಭವಕ್ಕೆ ಬಂದಿರಬೇಕು. ಕರೆಯುವಾಗ ಅವರು ಪಕ್ಕದಲ್ಲಿ, ಒದೆತಕ್ಕೆ ಸಿಗದ ಕಡೆ ನಿಂತು ಮಾತಾಡಿಸಲಿ. ಕೆಚ್ಚಲಲ್ಲಿ ಹಾಲು ಉಳಿಯಿತಾ ಎಂದು ನೋಡಿ ಹೇಳಲಿ, ಉಳಿದರೆ ಕೆಚ್ಚಲುಬಾವು ಬರಬಹುದು. ಡೈರಿಯ ಫ್ಯಾಟ್, ರೇಟು, ಪಾಸ್‌ಬುಕ್ಕಿನ ಲೆಕ್ಕ ಅವರ ಕೈಗೇ ಕೊಡಿ.

ರಾತ್ರಿ ಅಳುವುದನ್ನು ಸುಮ್ನೆ ಬಿಡಬೇಡಿ. ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬ್ಲೇಡ್ ಜಾರಿದ ಗಳಿಗೆಯೇ ಕಣ್ಣಮುಂದೆ ಬಂದು ಬೆಚ್ಚಿ ಏಳುತ್ತಾರೆ, 'ನಾನು ಇದ್ದೇನು ಪ್ರಯೋಜನ' ಎನ್ನುತ್ತಾರೆ ಅಂತಾದರೆ ಹಾಸನದ ಹಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು) ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದುಕೊಂಡು ಹೋಗಿ. ಸಾಯುವ ಮಾತಾಡಿದರೆ ಎರಡು ವಾರ ಕಾಯಬೇಡಿ, ಅವತ್ತೇ ಹೊರಡಿ. ಅಷ್ಟು ದೂರ ಕಷ್ಟ ಎಂದರೆ ಮನಸ್ಸಿನ ತೊಂದರೆಗೆಂದೇ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. 'ನನಗೂ ಸಾಕಾಗಿದೆ' ಎಂದು ಬರೆದಿದ್ದೀರಲ್ಲ, ಆ ನಂಬರ್ ನಿಮಗೂ ಹೌದು. ವಾರದಲ್ಲಿ ಒಂದೆರಡು ಹೊತ್ತು ಹಾಲು ಕರೆಯಲು ನಿಮ್ಮ ಅಣ್ಣತಮ್ಮಂದಿರನ್ನೋ ಪಕ್ಕದ ಮನೆಯವರನ್ನೋ ಕೇಳಿ. ಊರಲ್ಲಿ ಇಂಥದ್ದಕ್ಕೆ ಇಲ್ಲ ಅನ್ನುವವರು ಕಡಿಮೆ, ಕೇಳಲು ನಾಚುವವರೇ ಜಾಸ್ತಿ.

ಕೈಯನ್ನು ನಾನು ನೋಡಿಲ್ಲ. ಆದ್ದರಿಂದ ಮೇಲೆ ಹೇಳಿದ್ದರಲ್ಲಿ ಯಾವುದನ್ನೇ ಆಗಲಿ ನಿಮ್ಮ ಡಾಕ್ಟರ್ ಬೇಡ ಎಂದರೆ ಅವರ ಮಾತೇ ಮಾತು. ಮುಂದಿನ ಸಲ ತೋರಿಸಲು ಹೋಗುವಾಗ ನಿಮ್ಮವ್ವನನ್ನೂ ಕರೆದುಕೊಂಡು ಹೋಗಿ. ಒಳಗೆ ಏನು ಕಟ್ಟಾಗಿತ್ತು, ಎಲ್ಲಿಯವರೆಗೆ ಕೂಡಿದೆ, ಯಾವ ಕೆಲಸ ಮಾಡಬಹುದು, ಯಾವುದು ಬೇಡ ಎಂದು ಡಾಕ್ಟರೇ ಅವರಿಗೆ ಕೈ ಹಿಡಿದು ತೋರಿಸಿ ಹೇಳಲಿ. ಮಗ ಹೇಳಿದರೆ ಹೆಂಡತಿ ಪರ ಎಂದುಕೊಳ್ಳುತ್ತಾರೆ, ಡಾಕ್ಟರ್ ಹೇಳಿದರೆ ಅವರೇ ಊರಿಗೆಲ್ಲ ಹೇಳುತ್ತಾರೆ.