ಬ್ಲೂಟೂತ್ ಮೌಸ್ ಪದೇ ಪದೇ ಸಂಪರ್ಕ ಕಳೆದುಕೊಂಡರೆ ಹೊಸದನ್ನೇ ಕೊಳ್ಳಬೇಕೇ?

ಎರಡು ವರ್ಷ ಹಳೆಯದಾದ ನಿಮ್ಮ ಬ್ಲೂಟೂತ್ ಮೌಸ್ ಐದು ನಿಮಿಷ ಮುಟ್ಟದೆ ಬಿಟ್ಟರೆ ಲ್ಯಾಪ್‌ಟಾಪ್‌ನ ಸಂಪರ್ಕ ಕಳೆದುಕೊಳ್ಳುತ್ತದೆ, ಸಂಪರ್ಕ ಇದ್ದಾಗಲೂ ಪರದೆಯ ಮೇಲಿನ ಬಾಣ ತಡೆತಡೆದು ಓಡುತ್ತದೆ, ಆದ್ದರಿಂದ ಹೊಸದನ್ನು ಕೊಳ್ಳಲೇ, ಕೊಳ್ಳುವುದಾದರೆ ಎಂಥದ್ದನ್ನು, ಅದಕ್ಕಾಗಿ ಚಿತ್ರದುರ್ಗದಿಂದ ದಾವಣಗೆರೆಗೆ ಬರಬೇಕೇ ಎಂದು ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಡಿಟಿಪಿ ಕೆಲಸ ಮಾಡುವವನು. ಲಗ್ನಪತ್ರಿಕೆ, ಕರಪತ್ರ, ಸ್ಮರಣ ಸಂಚಿಕೆಗಳ ಪುಟ ಕಟ್ಟುತ್ತ ದಿನಕ್ಕೆ ಎಂಟು ಹತ್ತು ಗಂಟೆ ಮೌಸ್ ಹಿಡಿದೇ ಕೂತಿರುತ್ತೇನೆ. ಆ ಅನುಭವದ ಮೇಲೆ ಹೇಳುವುದಾದರೆ, ಈಗಲೇ ಹಣ ಖರ್ಚು ಮಾಡಬೇಡಿ. ನೀವು ಹೇಳಿದ ಎರಡು ತೊಂದರೆಗಳಿಗೂ ಕಾರಣ ಬೇರೆ ಬೇರೆ, ಮತ್ತು ಬಹಳ ಸಲ ಆ ಕಾರಣ ಮೌಸಿನೊಳಗೆ ಇರುವುದೇ ಇಲ್ಲ. ಹಾಗಿದ್ದರೆ ಹೊಸ ಮೌಸ್ ತಂದ ಮೇಲೂ ಅದೇ ಗೋಳು ಮುಂದುವರಿಯುತ್ತದೆ.

ಮೊದಲು ಮೌಸನ್ನು ನಿಮ್ಮ ಆಂಡ್ರಾಯ್ಡ್ ಫೋನಿಗೆ ಜೋಡಿಸಿ ನೋಡಿ. ಲ್ಯಾಪ್‌ಟಾಪ್‌ನ ಬ್ಲೂಟೂತನ್ನು ಪೂರ್ತಿ ಆಫ್ ಮಾಡಿ, ಮೌಸಿನ ಪೇರಿಂಗ್ ಗುಂಡಿಯನ್ನು ದೀಪ ಬೇಗ ಬೇಗ ಮಿನುಗುವವರೆಗೆ ಒತ್ತಿ ಹಿಡಿದು, ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಅದರ ಹೆಸರನ್ನು ಆರಿಸಿದರೆ ಫೋನಿನ ಪರದೆಯ ಮೇಲೆ ಬಾಣ ಮೂಡುತ್ತದೆ. ಹತ್ತು ನಿಮಿಷ ಓಡಾಡಿಸಿ, ಐದಾರು ನಿಮಿಷ ಸುಮ್ಮನೆ ಬಿಟ್ಟು, ಮತ್ತೆ ಕ್ಲಿಕ್ ಮಾಡಿ. ಅಲ್ಲಿ ಸಲೀಸಾಗಿ ನಡೆದರೆ ಮೌಸ್ ಸರಿಯಾಗಿದೆ, ದೋಷ ಲ್ಯಾಪ್‌ಟಾಪ್‌ನಲ್ಲೋ ಇಲ್ಲವೇ ಸುತ್ತಮುತ್ತಲೋ ಇದೆ ಎಂದರ್ಥ. ಒಂದೇ ಸಾಧನದ ನೆನಪಿಟ್ಟುಕೊಳ್ಳುವ ಮೌಸಾದರೆ ಈ ಪರೀಕ್ಷೆಯ ನಂತರ ಲ್ಯಾಪ್‌ಟಾಪ್‌ಗೆ ಹೊಸದಾಗಿ ಜೋಡಿಸಬೇಕಾಗುತ್ತದೆ. ಹಾಗೆ ಜೋಡಿಸುವಾಗ ಪಟ್ಟಿಯಲ್ಲಿರುವ ಹಳೆಯ ಹೆಸರನ್ನು ತಪ್ಪದೆ ಅಳಿಸಿಹಾಕಿ, ಏಕೆಂದರೆ ಹಳೆಯ ಜೋಡಣೆಯ ಕೀಲಿ ಉಳಿದುಕೊಂಡರೆ ಮೌಸ್ ಪಟ್ಟಿಯಲ್ಲಿ ಕಂಡರೂ ಕೆಲಸ ಮಾಡುವುದಿಲ್ಲ.

ಇನ್ನು ಐದು ನಿಮಿಷಕ್ಕೆ ಸಂಪರ್ಕ ಕಡಿಯುವ ವಿಚಾರ. ಸೆಲ್ ಉಳಿಸಲೆಂದು ಮೌಸ್ ತಾನೇ ನಿದ್ರೆಗೆ ಜಾರುವುದು ಸಹಜ. ಕ್ಲಿಕ್ ಮಾಡಿದ ಒಂದೆರಡು ಸೆಕೆಂಡಿನಲ್ಲಿ ಅದು ಎಚ್ಚೆತ್ತರೆ ಅದನ್ನು ದೋಷ ಎನ್ನಬೇಕಾಗಿಲ್ಲ. ಬ್ಲೂಟೂತ್ ಆಫ್ ಮಾಡಿ ಆನ್ ಮಾಡಿದರೆ ಮಾತ್ರ ಬರುತ್ತದೆ ಎಂದಾದರೆ, ಕರೆಂಟ್ ಉಳಿಸಲು ಲ್ಯಾಪ್‌ಟಾಪೇ ತನ್ನ ಬ್ಲೂಟೂತ್ ಭಾಗವನ್ನು ಮಲಗಿಸುತ್ತಿರಬಹುದು. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ಬ್ಲೂಟೂತ್ ಎಂಬಲ್ಲಿರುವ ಅಡಾಪ್ಟರಿನ ಪ್ರಾಪರ್ಟೀಸ್‌ಗೆ ಹೋಗಿ, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡುವ ಅನುಮತಿಯ ಮುಂದಿರುವ ಟಿಕ್ ಗುರುತನ್ನು ತೆಗೆಯಿರಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಪುಟವೇ ಇರುವುದಿಲ್ಲ. ಅಂಥ ಕಡೆ ಲ್ಯಾಪ್‌ಟಾಪ್ ತಯಾರಕರ ತಾಣದಿಂದಲೇ ಬ್ಲೂಟೂತ್ ಡ್ರೈವರನ್ನು, ಅಂದರೆ ಆ ಭಾಗವನ್ನು ನಡೆಸುವ ತಂತ್ರಾಂಶವನ್ನು, ಹೊಸದಾಗಿ ಹಾಕಿಕೊಳ್ಳುವುದು ದಾರಿ.

ಬಾಣ ತಡೆತಡೆದು ಓಡುವುದಕ್ಕೆ ಕಾರಣ ಹುಡುಕಲು ನನಗೆ ಒಂದು ಇಡೀ ಮದುವೆ ಸೀಸನ್ನೇ ಹಿಡಿಯಿತು. ಗಿರಾಕಿ ಪಕ್ಕದ ಕುರ್ಚಿಯಲ್ಲಿ ಕೂತು ವಧೂವರರ ಹೆಸರು ಸ್ವಲ್ಪ ಮೇಲಕ್ಕಿರಲಿ, ಗಣಪತಿಯ ಚಿತ್ರ ಇನ್ನಷ್ಟು ಚಿಕ್ಕದಾಗಲಿ ಎಂದು ಹೇಳುತ್ತಿದ್ದಾಗ ಬಾಣ ಒಮ್ಮೆ ನಿಂತುಬಿಡುತ್ತಿತ್ತು, ಮರುಕ್ಷಣ ಅರ್ಧ ಪರದೆ ದಾಟಿ ಎಲ್ಲೋ ಹೋಗಿ ಕೂರುತ್ತಿತ್ತು. ಸೆಲ್ ಬದಲಿಸಿದೆ, ಮೌಸನ್ನೂ ಬದಲಿಸಿದೆ, ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಗಮನಿಸಿದಾಗ ತಿಳಿದದ್ದೇನೆಂದರೆ, ಫೋಟೊಗಳನ್ನು ತುಂಬಿಟ್ಟ ಹೊರಗಿನ ಹಾರ್ಡ್ ಡಿಸ್ಕನ್ನು ಲ್ಯಾಪ್‌ಟಾಪ್‌ನ ಬಲಬದಿಯ ಯುಎಸ್‌ಬಿ 3.0 ಕಿಂಡಿಗೆ ಚುಚ್ಚಿ ಫೈಲ್ ನಕಲು ಮಾಡುವಾಗ ಮಾತ್ರ ಹೀಗಾಗುತ್ತಿತ್ತು. ವೈರ್ ಕಿತ್ತ ಕೂಡಲೇ ಬಾಣ ನೀರಿನಂತೆ ಹರಿಯುತ್ತಿತ್ತು. ಮತ್ತೆ ಚುಚ್ಚಿದರೆ ಮತ್ತೆ ತಡವರಿಕೆ.

ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಎಂಬ ರೇಡಿಯೊ ತರಂಗಗಳ ಪಟ್ಟಿಯಲ್ಲಿ, ಹಳೆಯ ಬಗೆಯ ವೈಫೈ ಕೂಡ ಅಲ್ಲೇ. ಇಬ್ಬರಿಗೂ ಜಗಳವಾಗದಿರಲೆಂದು ಬ್ಲೂಟೂತ್ ಒಂದೇ ಚಾನೆಲ್‌ನಲ್ಲಿ ನಿಲ್ಲದೆ ಚಾನೆಲ್‌ನಿಂದ ಚಾನೆಲ್‌ಗೆ ಜಿಗಿಯುತ್ತಿರುತ್ತದೆ. 2003ರಲ್ಲಿ ಬಂದ 1.2 ಆವೃತ್ತಿಯಿಂದ ಈಚೆಗೆ, ಗದ್ದಲವಿರುವ ಚಾನೆಲ್‌ಗಳನ್ನು ಗುರುತಿಸಿ ಅವನ್ನು ಬಿಟ್ಟು ಜಿಗಿಯುವುದೂ ಅದಕ್ಕೆ ಗೊತ್ತು. ಆದರೆ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುವ ಯುಎಸ್‌ಬಿ 3.0 ವೈರು ಮತ್ತು ಕನೆಕ್ಟರಿನಿಂದ ಸೋರುವ ರೇಡಿಯೊ ಗದ್ದಲ ಒಂದೆರಡು ಚಾನೆಲ್‌ಗೆ ಸೀಮಿತವಾಗದೆ ಆ ಪಟ್ಟಿಯ ಉದ್ದಕ್ಕೂ ಹರಡಿಕೊಳ್ಳುತ್ತದೆ, ಹೀಗಾಗಿ ಜಿಗಿದು ತಪ್ಪಿಸಿಕೊಳ್ಳಲು ಜಾಗವೇ ಉಳಿಯುವುದಿಲ್ಲ. ಇಂಟೆಲ್ ಸಂಸ್ಥೆ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ನಿಮ್ಮ ಲ್ಯಾಪ್‌ಟಾಪ್‌ಗೆ ಹಾರ್ಡ್ ಡಿಸ್ಕ್, ಪೆನ್‌ಡ್ರೈವ್ ಅಥವಾ ಯುಎಸ್‌ಬಿ ಹಬ್ ಚುಚ್ಚಿರುತ್ತೀರಾ ಎಂದು ನೋಡಿಕೊಳ್ಳಿ. ಇದ್ದರೆ ಅದನ್ನು ಮೌಸಿನ ಎದುರು ಬದಿಗೆ ಬದಲಿಸಿ, ವೈರನ್ನು ಮೌಸಿನಿಂದ ಒಂದಡಿಯಾದರೂ ಆಚೆ ಇಡಿ. ನಾನು ಹಾರ್ಡ್ ಡಿಸ್ಕನ್ನು ಎಡಬದಿಗೆ ಹಾಕಿ, ಸಡಿಲವಾಗಿದ್ದ ವೈರಿನ ಬದಲು ಒಳ್ಳೆಯ ಕವಚವಿರುವ ಗಿಡ್ಡ ವೈರ್ ತಂದ ಮೇಲೆ ತೊಂದರೆ ನಿಂತಿತು.

ಮನೆಯ ರೂಟರಿನಲ್ಲಿ 5 ಗಿಗಾಹರ್ಟ್ಸ್ ವೈಫೈ ಇದ್ದರೆ ಲ್ಯಾಪ್‌ಟಾಪನ್ನು ಅದಕ್ಕೆ ಬದಲಿಸಿಕೊಳ್ಳಿ. ಸಾಮಾನ್ಯವಾಗಿ ವೈಫೈ ಮತ್ತು ಬ್ಲೂಟೂತ್ ಎರಡೂ ಲ್ಯಾಪ್‌ಟಾಪ್‌ನೊಳಗೆ ಒಂದೇ ಕಾರ್ಡಿನಲ್ಲಿರುವುದರಿಂದ ಇದು ಬಹಳ ನೆರವಾಗುತ್ತದೆ.

ಮೇಜಿನ ಮೇಲ್ಮೈಯನ್ನೂ ಕಡೆಗಣಿಸಬೇಡಿ. ನಮ್ಮ ಕಡೆಯ ಕಚೇರಿಗಳಲ್ಲಿ ಮೇಜಿನ ಮೇಲೆ ಗಾಜು ಹಾಸುವ ರೂಢಿ ಇನ್ನೂ ಇದೆ. ನನ್ನ ಮೇಜಿನ ಗಾಜಿನ ಕೆಳಗೂ ಮಾದರಿ ಪತ್ರಿಕೆಗಳ ಸಾಲೇ ಇದೆ. ಮೌಸಿನ ತಳದಲ್ಲಿರುವ ಸಂವೇದಕವು ನೆಲದ ಚಿತ್ರವನ್ನು ಎಡೆಬಿಡದೆ ತೆಗೆದು ಹೋಲಿಸುತ್ತ ಚಲನೆಯನ್ನು ಲೆಕ್ಕ ಹಾಕುತ್ತದೆ, ಪಾರದರ್ಶಕ ಗಾಜಿನ ಮೇಲೆ ಅದಕ್ಕೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ನುಣುಪಾಗಿ ಪಾಲಿಶ್ ಮಾಡಿದ ಗ್ರಾನೈಟ್ ಮೇಲೆಯೂ ಕೆಲವು ಮೌಸುಗಳು ಹೀಗೇ ಪರದಾಡುತ್ತವೆ. ಬಟ್ಟೆಯ ಮೌಸ್‌ಪ್ಯಾಡ್ ಸಾಕು, ಪರೀಕ್ಷೆಗಾದರೆ ಹಳೆಯ ಕ್ಯಾಲೆಂಡರ್ ಹಾಳೆಯ ಬಿಳಿ ಹಿಂಬದಿಯೂ ನಡೆಯುತ್ತದೆ. ಸೆಲ್ಲಿನ ವಿಷಯಕ್ಕೆ ಬಂದರೆ, ರೀಚಾರ್ಜ್ ಆಗುವ ಎಎ ಸೆಲ್‌ನ ವೋಲ್ಟೇಜ್ 1.2, ಆಲ್ಕಲೈನ್‌ನದು 1.5. ಆದ್ದರಿಂದ ರೀಚಾರ್ಜ್ ಸೆಲ್ ಹಾಕಿದಾಗ ಚಾರ್ಜ್ ಕಡಿಮೆ ಎಂಬ ಸೂಚನೆ ಬೇಗ ಬಂದರೆ ಗಾಬರಿಯಾಗಬೇಡಿ.

ಇಷ್ಟೆಲ್ಲ ಆದ ಮೇಲೂ, ಅಥವಾ ಫೋನಿನಲ್ಲೂ ತಡವರಿಸಿದರೆ, ಹೊಸದನ್ನು ಕೊಳ್ಳಿ. ಒಮ್ಮೆ ಒತ್ತಿದರೆ ಎರಡು ಸಲ ಕ್ಲಿಕ್ ಆಗುತ್ತಿದ್ದರೂ ಅಷ್ಟೆ, ಒಳಗಿನ ಸ್ವಿಚ್ ಸವೆದಿದೆ ಎಂದು ತಿಳಿಯಬೇಕು. ಬ್ಲೂಟೂತ್ ಮತ್ತು ಯುಎಸ್‌ಬಿ ರಿಸೀವರ್ (ಮೌಸಿನ ಸಂಕೇತ ಹಿಡಿಯಲು ಕಿಂಡಿಗೆ ಚುಚ್ಚುವ ಪುಟ್ಟ ತುಂಡು) ಎರಡೂ ಇರುವ ಮೌಸನ್ನೇ ಆರಿಸಿ ಎಂಬುದು ನನ್ನ ಒತ್ತಾಯದ ಸಲಹೆ. ವಿಂಡೋಸ್ ಶುರುವಾಗುವ ಮೊದಲಿನ ಸೆಟಪ್ ಪರದೆಯಲ್ಲಿ ಬ್ಲೂಟೂತ್ ಮೌಸ್ ಸಾಮಾನ್ಯವಾಗಿ ನಡೆಯುವುದಿಲ್ಲ. ಪುಟ ಕಟ್ಟುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನ ಫೈಲುಗಳಿಗಾಗಿ ವಿಂಡೋಸ್ 7 ಕಂಪ್ಯೂಟರ್ ಇಟ್ಟುಕೊಂಡಿರುವ ನನ್ನಂಥವರಿಗೂ ರಿಸೀವರ್ ಬೇಕೇ ಬೇಕು, ಏಕೆಂದರೆ ಇಂದಿನ ಬಹುಪಾಲು ಮೌಸುಗಳು ಬಳಸುವ, 2010ರಲ್ಲಿ 4.0 ಆವೃತ್ತಿಯೊಂದಿಗೆ ಬಂದ ಕಡಿಮೆ ವಿದ್ಯುತ್ತಿನ ಬ್ಲೂಟೂತ್‌ಗೆ ವಿಂಡೋಸ್‌ನಲ್ಲಿ ಬೆಂಬಲ ಸಿಕ್ಕಿದ್ದು ವಿಂಡೋಸ್ 8ರಿಂದ. ಆದರೆ ರಿಸೀವರ್ ಕೂಡ 2.4 ಗಿಗಾಹರ್ಟ್ಸ್‌ನದೇ ಆದ್ದರಿಂದ ಅದನ್ನು ಹಾರ್ಡ್ ಡಿಸ್ಕಿನ ಪಕ್ಕದ ಕಿಂಡಿಗೆ ಹಾಕಬೇಡಿ.

ಡಿಪಿಐ, ಅಂದರೆ ಮೌಸ್ ಒಂದಂಗುಲ ಸರಿದರೆ ಬಾಣ ಎಷ್ಟು ಚುಕ್ಕೆ ಓಡುತ್ತದೆ ಎಂಬ ಲೆಕ್ಕ, ದೊಡ್ಡದಿದ್ದಷ್ಟೂ ಒಳ್ಳೆಯದೆಂಬ ಮಾತಿಗೆ ಮರುಳಾಗಬೇಡಿ, ಕಚೇರಿ ಕೆಲಸಕ್ಕೆ 1000ದಿಂದ 1600 ಧಾರಾಳವಾಯಿತು. ಅದಕ್ಕಿಂತ ಅಂಗೈ ಅಳತೆ ಮುಖ್ಯ: ತೆಳ್ಳಗೆ ಚಪ್ಪಟೆಯಾದ ಮೌಸ್ ಚೀಲದಲ್ಲಿಡಲು ಚೆನ್ನ, ಆದರೆ ಅಂಗೈ ಊರಲು ಜಾಗವಿಲ್ಲದೆ ಸಂಜೆಯ ಹೊತ್ತಿಗೆ ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಒಳಗೇ ಬ್ಯಾಟರಿ ಇರುವುದಕ್ಕಿಂತ ಎಎ ಸೆಲ್ಲಿನದು ನನಗೆ ಇಷ್ಟ, ಸೆಲ್ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಇದಕ್ಕಾಗಿ ಅರವತ್ತು ಕಿಲೋಮೀಟರ್ ಬಸ್ಸಿನಲ್ಲಿ ದಾವಣಗೆರೆಗೆ ಬರುವ ಅಗತ್ಯವಿಲ್ಲ. ದುರ್ಗದಲ್ಲೇ, ಪೆಟ್ಟಿಗೆ ಬಿಚ್ಚಿ ತೋರಿಸಲು ಒಪ್ಪುವ ಅಂಗಡಿಗೆ ನಿಮ್ಮ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ, ಕೌಂಟರಿನ ಮೇಲೆಯೇ ಜೋಡಿಸಿ, ಹತ್ತು ನಿಮಿಷ ಸುಮ್ಮನೆ ಬಿಟ್ಟು, ಮತ್ತೆ ಮುಟ್ಟಿದಾಗ ಎಚ್ಚೆತ್ತುಕೊಳ್ಳುವುದನ್ನು ಕಣ್ಣಾರೆ ಕಂಡ ಮೇಲೆ ಹಣ ಕೊಟ್ಟು ಬಿಲ್ ಪಡೆಯಿರಿ.