ಗಿರಾಕಿ, ಗ್ರಾಹಕ, ಪೋಷಕ: ಯಾರಿಗೆ ಯಾವ ಹೆಸರು?

ಪ್ರಶ್ನೆ: ನಮ್ಮದು ಜವಳಿ ಅಂಗಡಿ. 25ನೇ ವರ್ಷದ ಸಮಾರಂಭಕ್ಕೆ ಆಮಂತ್ರಣವನ್ನು ಮೊದಲು ಇಂಗ್ಲಿಷಿನಲ್ಲಿ ಬರೆಸಿದ್ದೆವು. ಅದರಲ್ಲಿ ‘ಪೇಟ್ರನ್ಸ್’ ಎಂದಿದ್ದ ಕಡೆ ಮುದ್ರಣದವರು ‘ನಮ್ಮ ಪೋಷಕರಿಗೆ ಆದರದ ಸ್ವಾಗತ’ ಎಂದು ಹಾಕಿದ್ದಾರೆ. ಓದಿದವರು ‘ಇದು ಶಾಲೆಯ ಕಾರ್ಯಕ್ರಮವೇ?’ ಎಂದು ಕೇಳುತ್ತಿದ್ದಾರೆ. ಪದ ತಪ್ಪಾಗಿದೆಯೇ? ‘ಗಿರಾಕಿಗಳು’ ಎಂದು ಹಾಕಿದರೆ ಅಗೌರವವೇ? (ಓದುಗರು, ದಾವಣಗೆರೆ)

ಉತ್ತರ: ನಿಘಂಟಿನ ಪ್ರಕಾರ ತಪ್ಪಿಲ್ಲ, ನಿಮ್ಮ ಆಮಂತ್ರಣಕ್ಕೆ ಮಾತ್ರ ತಪ್ಪು. ಇಂಗ್ಲಿಷಿನ ‘ಪೇಟ್ರನ್’ಗೆ ಎರಡು ಅರ್ಥವಿದೆ. ಒಂದು, ಕಲೆಗೋ ಸಂಸ್ಥೆಗೋ ಆಸರೆಯಾಗಿ ನಿಂತವರು. ಇನ್ನೊಂದು, ಅಂಗಡಿಗೆ ಅಥವಾ ಹೋಟೆಲಿಗೆ ತಪ್ಪದೆ ಬರುವವರು. ಕನ್ನಡದಲ್ಲಿ ಈ ಎರಡನ್ನೂ ಒಂದೇ ಪದ ಹೊರುವುದಿಲ್ಲ. ಮುದ್ರಣದವರು ಮೊದಲ ಅರ್ಥವನ್ನು ಹಿಡಿದಿದ್ದಾರೆ, ನಿಮಗೆ ಬೇಕಾಗಿದ್ದದ್ದು ಎರಡನೆಯದು. (ಲ್ಯಾಟಿನ್ನಿನ ‘ಪಟ್ರೋನಸ್’ ಮೂಲದಲ್ಲಿ ರಕ್ಷಣೆ ಕೊಡುವ ಒಡೆಯ, ಅವನ ಆಸರೆಯಲ್ಲಿದ್ದವನು ‘ಕ್ಲಿಯೆನ್ಸ್’, ಇಂದಿನ ‘ಕ್ಲೈಂಟ್’. ಕೈಯೊಡ್ಡಿದವನ ಹೆಸರೂ ಕೈನೀಡಿದವನ ಹೆಸರೂ ಈಗ ವ್ಯಾಪಾರಿಯ ಬಾಯಲ್ಲಿ ಹತ್ತಿರ ಹತ್ತಿರ ಒಂದೇ ಆಗಿವೆ.)

‘ಪೋಷಕ’ ಪದದ ಮೂಲ ‘ಪುಷ್’ ಧಾತು. ಪುಷ್ಟಿ, ಪೋಷಣೆ, ಪೌಷ್ಟಿಕ ಎಲ್ಲವೂ ಅದರಿಂದಲೇ ಬಂದವು. ಸಾಕಿ ಸಲಹಿ ಬೆಳೆಸುವವರು ಪೋಷಕರು. ಇಂದು ಈ ಪದ ಕಿವಿಗೆ ಬಿದ್ದರೆ ಮೊದಲು ನೆನಪಾಗುವುದು ಮಕ್ಕಳ ತಂದೆ ತಾಯಿ. ‘ಪೋಷಕರ ಸಭೆ’ ಎಂದು ವರ್ಷವಿಡೀ ಶಾಲೆಗಳಿಂದ ಕೇಳುತ್ತಲೇ ಇರುತ್ತೇವೆ. ಹಾಗಾಗಿ ಆಮಂತ್ರಣ ಓದಿದವರು ಶಾಲೆಯ ಕಾರ್ಯಕ್ರಮ ಅಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಸಂಘದ ಹೆಸರಿನ ಜೊತೆ ‘ಮಹಾಪೋಷಕರು’, ‘ಪೋಷಕ ಸದಸ್ಯರು’ ಎಂದು ಬಂದಾಗ ಗೊಂದಲವಾಗುವುದಿಲ್ಲ, ಅಲ್ಲಿ ಸಂದರ್ಭವೇ ಅರ್ಥ ಹೇಳುತ್ತದೆ.

ಇನ್ನು ‘ಗಿರಾಕಿ’. ಇದೂ ‘ಗ್ರಾಹಕ’ವೂ ಒಂದೇ ಬಳ್ಳಿಯವು. ‘ಗ್ರಹ್’ ಎಂದರೆ ಹಿಡಿ, ತೆಗೆದುಕೊಳ್ಳು, ತೆಗೆದುಕೊಳ್ಳುವವನು ಗ್ರಾಹಕ. ಹಿಂದಿಯ ‘ಗಾಹಕ್’, ಮರಾಠಿಯ ‘ಗಿರ್‍ಹಾಯಿಕ’ ಇದೇ ಬಳಗ. ಸಂತೆ ಪೇಟೆಗಳಲ್ಲಿ ಬಾಯಿಂದ ಬಾಯಿಗೆ ಸವೆದು ಬಂದದ್ದು ಗಿರಾಕಿ, ಪುಸ್ತಕದಿಂದ ನೇರವಾಗಿ ಬಂದದ್ದು ಗ್ರಾಹಕ. ಗಿರಾಕಿಗೆ ಬೇಡಿಕೆ ಎಂಬ ಅರ್ಥವೂ ಇದೆ: ‘ಶ್ರಾವಣದಲ್ಲಿ ಹೂವಿಗೆ ಒಳ್ಳೆ ಗಿರಾಕಿ’. ತೆಲುಗಿನಲ್ಲಂತೂ ಈ ಅರ್ಥವೇ ಮುಖ್ಯ.

ಅಂಗಡಿಯೊಳಗಿನ ಮಾತಿಗೆ ಗಿರಾಕಿಯಷ್ಟು ಹದವಾದ ಪದ ಇನ್ನೊಂದಿಲ್ಲ. ‘ಖಾಯಂ ಗಿರಾಕಿ’, ‘ಬೋಣಿ ಗಿರಾಕಿ’ ಎಂಬ ಕಡೆ ಗ್ರಾಹಕ ಎಂದು ತಂದರೆ ಮಾತು ಸರ್ಕಾರಿ ಸುತ್ತೋಲೆಯಾಗುತ್ತದೆ. ಆದರೆ ಎದುರಿಗೆ ನಿಂತವರನ್ನೇ ‘ಗಿರಾಕಿ’ ಎಂದು ಕರೆಯುವುದಿಲ್ಲ. ಅದು ಮೂರನೆಯವರ ಮುಂದೆ ಆಡುವ ಮಾತು. ಜೊತೆಗೆ ಆಡುಮಾತಿನಲ್ಲಿ ‘ಒಳ್ಳೆ ಗಿರಾಕಿ ಸಿಕ್ಕಿದ’, ‘ಇವನೊಬ್ಬ ಗಿರಾಕಿ’ ಎಂದರೆ ಗೇಲಿ. ಅಚ್ಚಾದ ಆಮಂತ್ರಣದಲ್ಲಿ ಆ ನೆರಳು ಬೀಳುವುದು ಬೇಡ. ಹೀಗೆ ಬರೆಯಿರಿ: ‘ನಮ್ಮ ಗ್ರಾಹಕರಿಗೂ ಹಿತೈಷಿಗಳಿಗೂ ಆದರದ ಸ್ವಾಗತ’. ‘ಗ್ರಾಹಕರುಗಳಿಗೆ’ ಎಂದು ಹಾಕಬೇಡಿ. ‘ರು’ ಬಂದ ಮೇಲೆ ಬಹುವಚನ ಮುಗಿಯಿತು, ‘ಗಳು’ ದಂಡ. ಗಿರಾಕಿ, ದಾನಿ, ಹಿತೈಷಿ ಇವಕ್ಕಾದರೆ ‘ಗಳು’ ಬೇಕು.

ಗ್ರಾಹಕ ಪದಕ್ಕೆ ಕಾನೂನಿನಲ್ಲಿ ಬೇರೆಯೇ ತೂಕವಿದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗಕ್ಕೆ ಬಂದ 2019ರ ಕಾಯ್ದೆಯ ಪ್ರಕಾರ, ಬೆಲೆ ಕೊಟ್ಟು ಅಥವಾ ಕೊಡುವುದಾಗಿ ಒಪ್ಪಿ ಕೊಂಡವರು ಗ್ರಾಹಕರು. ಅವರ ಒಪ್ಪಿಗೆಯಿಂದ ಆ ವಸ್ತುವನ್ನು ಬಳಸುವವರೂ ಗ್ರಾಹಕರೇ. ಮರುಮಾರಾಟಕ್ಕೆ ಕೊಂಡವರು ಅಲ್ಲ. ನಿಮ್ಮಲ್ಲಿ ಸಗಟಾಗಿ ಸೀರೆ ಒಯ್ದು ಹಳ್ಳಿಯಲ್ಲಿ ಮಾರುವವರು ನಿಮ್ಮ ಗಿರಾಕಿ ಹೌದು, ಆ ಕಾಯ್ದೆಯ ಗ್ರಾಹಕರಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಹೊಲಿಗೆ ಯಂತ್ರ ಕೊಂಡ ದರ್ಜಿ ಮಾತ್ರ ಗ್ರಾಹಕನೇ. ರಸೀದಿ, ಷರತ್ತು, ದೂರಿನ ಅರ್ಜಿ ಬರೆಯುವಾಗ ಈ ವ್ಯತ್ಯಾಸ ನೆನಪಿರಲಿ.

ವಕೀಲರಿಗೆ ಗ್ರಾಹಕರಿಲ್ಲ, ಕಕ್ಷಿದಾರರಿದ್ದಾರೆ. ಪತ್ರಿಕೆಗೆ ಚಂದಾದಾರರು, ಬಸ್ಸಿಗೆ ಪ್ರಯಾಣಿಕರು. ಹಳೆಯ ಮೈಸೂರು ಕಡೆ ದಿನಾ ಗೊತ್ತಾದ ಮನೆಗೆ ಹಾಲು ಹಾಕುವುದಕ್ಕೆ ‘ವರ್ತನೆ’ ಎನ್ನುತ್ತಿದ್ದರು. ಖಾಯಂ ಗಿರಾಕಿತನಕ್ಕೆ ಅಷ್ಟು ಒಳ್ಳೆಯ ಪದವಿದ್ದೂ ಅದು ಮರೆಯಾಗುತ್ತಿದೆ.

ಪ್ರಶ್ನೆ: ನಾಟಕ ಸಂಘದ ಸ್ಮರಣ ಸಂಚಿಕೆಯಲ್ಲಿ ಹಣ ಕೊಟ್ಟವರೆಲ್ಲರನ್ನೂ ‘ಪ್ರಾಯೋಜಕರು’ ಎಂದು ಒಂದೇ ಪಟ್ಟಿಯಲ್ಲಿ ಹಾಕಬಹುದೇ? ‘ಆಶ್ರಯದಾತರು’ ಎಂದರೆ ಇನ್ನೂ ಗೌರವವಲ್ಲವೇ? (ಓದುಗರು, ಶಿರಸಿ)

ಉತ್ತರ: ಎರಡೂ ಬೇಡ. ಪ್ರಾಯೋಜಕರು ಕೊಟ್ಟ ಹಣಕ್ಕೆ ಬದಲಾಗಿ ಪ್ರಚಾರ ಪಡೆಯುವವರು: ಬ್ಯಾನರಿನಲ್ಲಿ ಹೆಸರು, ಸಂಚಿಕೆಯಲ್ಲಿ ಜಾಹೀರಾತು, ವೇದಿಕೆಯ ಮೇಲೆ ಲಾಂಛನ. ದಾನಿಗಳಿಗೆ ಹಾಗೆ ಏನೂ ಸಲ್ಲಬೇಕಾಗಿಲ್ಲ. ಇದು ಬರೀ ಮರ್ಯಾದೆಯ ವಿಷಯವಲ್ಲ, ತೆರಿಗೆಯ ವಿಷಯವೂ ಹೌದು. ದತ್ತಿ ಸಂಸ್ಥೆಗಳು ದಾನಿಯ ಹೆಸರನ್ನು ಫಲಕದಲ್ಲಿ ಹಾಕುವ ಬಗ್ಗೆ 2019ರ ಅಕ್ಟೋಬರ್ 11ರ ಜಿಎಸ್‌ಟಿ ಸುತ್ತೋಲೆ (ಸಂಖ್ಯೆ 116) ಇದೆ. ಕೊಟ್ಟದ್ದು ದಾನವಾಗಿದ್ದು, ಹೆಸರು ಹಾಕಿದ್ದು ಕೃತಜ್ಞತೆಗೆ ಮಾತ್ರವಾಗಿದ್ದು, ದಾನಿಯ ವ್ಯವಹಾರಕ್ಕೆ ಪ್ರಚಾರ ಸಿಗುವಂತಿರದಿದ್ದರೆ ಜಿಎಸ್‌ಟಿ ಇಲ್ಲ. ‘ತಂದೆಯವರ ನೆನಪಿಗೆ ಇಂಥವರ ಕೊಡುಗೆ’ ಎಂಬುದು ಸರಿ. ಅದೇ ಸಾಲಿನ ಕೆಳಗೆ ಅಂಗಡಿಯ ವಿಳಾಸ, ‘ಎಲ್ಲ ಬಗೆಯ ಪೀಠೋಪಕರಣ ದೊರೆಯುತ್ತದೆ’ ಎಂದೆಲ್ಲ ಸೇರಿದರೆ ಅದು ಜಾಹೀರಾತು. ದಾನವೆಂದು ರಸೀದಿ ಹರಿದು ಸಂಚಿಕೆಯಲ್ಲಿ ಪ್ರಾಯೋಜಕರು ಎಂದು ಅಚ್ಚು ಹಾಕಿದರೆ ನಿಮ್ಮ ಕಾಗದವೇ ನಿಮಗೆ ಎದುರು ಸಾಕ್ಷಿ.

ಪಟ್ಟಿಗಳನ್ನು ಬೇರೆ ಮಾಡಿ. ಜಾಹೀರಾತು ಕೊಟ್ಟವರು ‘ಪ್ರಾಯೋಜಕರು’, ಹಾಗೇ ಕೊಟ್ಟವರು ‘ದಾನಿಗಳು’, ಬೈಲಾದಲ್ಲಿರುವಷ್ಟು ಶುಲ್ಕ ಕಟ್ಟಿ ಸಂಘದೊಳಗೆ ಬಂದವರು ‘ಪೋಷಕ ಸದಸ್ಯರು’. ಬೈಲಾದಲ್ಲಿ ಆ ವರ್ಗವೇ ಇಲ್ಲದಿದ್ದರೆ ಆ ಹೆಸರನ್ನು ಯಾರಿಗೂ ಕೊಡಬೇಡಿ. ಮುಂದೆ ಸರ್ವಸದಸ್ಯರ ಸಭೆಯಲ್ಲಿ ಮತದ ಹಕ್ಕು ಕೇಳಿದಾಗ ಜಗಳ ಶುರುವಾಗುತ್ತದೆ. ಕಾಗುಣಿತವನ್ನೂ ನೋಡಿ: ‘ಪ್ರಯೋಜಕರು’ ಎಂದು ಅಚ್ಚಾದರೆ ಓದುವವರಿಗೆ ‘ಅಪ್ರಯೋಜಕ’ ನೆನಪಾಗುತ್ತದೆ. ಬಳಕೆಯಲ್ಲಿ ನಿಂತಿರುವುದು ‘ಪ್ರಾಯೋಜಕ’.

ಆಶ್ರಯದಾತ ದೊಡ್ಡ ಪದ. ಪಂಪನಿಗೆ ಅರಿಕೇಸರಿ ಆಶ್ರಯದಾತ. ರನ್ನನಿಂದ ಅಜಿತಪುರಾಣ ಬರೆಸಿದ, ಪೊನ್ನನ ಶಾಂತಿಪುರಾಣದ 1,000 ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆ ‘ದಾನಚಿಂತಾಮಣಿ’. ಅರ್ಧ ಪುಟದ ಜಾಹೀರಾತಿಗೆ ಈ ಬಿರುದು ಹೊರಿಸಿದರೆ ಕೊಟ್ಟವರಿಗೇ ಮುಜುಗರ.

ಪ್ರಶ್ನೆ: ಪೂಜೆಗೆ ಬಂದ ಪುರೋಹಿತರು ‘ಯಜಮಾನರು ಯಾರು?’ ಎನ್ನುತ್ತಾರೆ. ನಾವು ಅವರ ಗಿರಾಕಿಗಳೋ ಪೋಷಕರೋ? (ಓದುಗರು, ಬೆಂಗಳೂರು)

ಉತ್ತರ: ಎರಡೂ ಒಂದೇ ಪದದಲ್ಲಿರುವ ಅಪರೂಪದ ಉದಾಹರಣೆ ಇದು. ಸಂಸ್ಕೃತದಲ್ಲಿ ಬೇರೊಬ್ಬರಿಗಾಗಿ ಯಜ್ಞ ಮಾಡುವ ಋತ್ವಿಜನ ಕ್ರಿಯೆ ‘ಯಜತಿ’, ಫಲ ತನಗೇ ಸೇರಬೇಕಾದವನ ಕ್ರಿಯೆ ‘ಯಜತೇ’. ಯಜಮಾನ ಎಂಬುದು ಈ ಎರಡನೆಯದರಿಂದ ಬಂದ ರೂಪ. ಖರ್ಚು ಹಾಕಿ, ದಕ್ಷಿಣೆ ಕೊಟ್ಟು, ಫಲ ಪಡೆಯುವವನು ಅವನು. ಉತ್ತರ ಭಾರತದ ಹಳ್ಳಿಗಳಲ್ಲಿ ಇದು ‘ಜಜ್‌ಮಾನ್’ ಆಗಿ, ಕ್ಷೌರಿಕರು ಕುಂಬಾರರು ವಂಶಪಾರಂಪರ್ಯವಾಗಿ ಕೆಲಸ ಮಾಡಿಕೊಡುವ ಮನೆಯವರಿಗೂ ಸಂದಿತು. ಕನ್ನಡದಲ್ಲಿ ಮನೆಯ ಹಿರಿಯ, ಗಂಡ, ಕುಲದ ಮುಖಂಡ ಎಂಬ ಕಡೆಗೆ ಹೊರಳಿತು. ಹಾಗಾಗಿ ಪುರೋಹಿತರು ಕೇಳುತ್ತಿರುವುದು ಸಂಕಲ್ಪಕ್ಕೆ ಕೂರುವವರ ಹೆಸರು, ಗೋತ್ರ, ನಕ್ಷತ್ರ. ಮನೆಯ ಹಿರಿಯರು ಪಕ್ಕದಲ್ಲೇ ಇದ್ದರೂ ಅವರದ್ದಲ್ಲ.