ಅಪ್ಪನಿಗೆ ವಾಲಗ, ಮೈದುನನಿಗೆ ಡಿಜೆ, ಮದುಮಗಳಿಗೆ?

ಪ್ರಶ್ನೆ: ನನಗೆ 27 ವರ್ಷ. ಊರು ಮಂಡ್ಯದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ನಾನು ಮೆಚ್ಚಿದ ಹುಡುಗ ಧಾರವಾಡದವರು. ಎರಡೂ ಮನೆಯವರು ಒಪ್ಪಿ ಮೈಸೂರಿನಲ್ಲಿ ಛತ್ರ ಗೊತ್ತು ಮಾಡಿದ್ದಾರೆ. ಹಿಂದಿನ ದಿನ ಸಂಜೆ ರಿಸೆಪ್ಷನ್, ಮಾರನೇ ದಿನ ಬೆಳಿಗ್ಗೆ ಮುಹೂರ್ತ. ತಮ್ಮ ಮದುವೆಗೆ ನುಡಿಸಿದ ಮನೆತನದ ವಾಲಗದವರೇ ಬರಬೇಕು ಅಂತ ಅಪ್ಪನ ಹಟ. ಅತ್ತ ಹುಡುಗನ ತಮ್ಮ ಯಾರನ್ನೂ ಕೇಳದೆ ರಿಸೆಪ್ಷನ್‌ಗೆ ಡಿಜೆ ಹೇಳಿಬಿಟ್ಟಿದ್ದಾನೆ. 'ಡಿಜೆ ಬಂದರೆ ನಾನು ರಿಸೆಪ್ಷನ್‌ನಲ್ಲಿ ನಿಲ್ಲಲ್ಲ' ಅಂತಾರೆ ಅಪ್ಪ. ಹುಡುಗನನ್ನು ಕೇಳಿದರೆ 'ನೀನೇ ನಿಮ್ಮಪ್ಪನಿಗೆ ಹೇಳು' ಅಂತಾರೆ. ಇದರ ಮಧ್ಯೆ ಅಜ್ಜಿ, 'ನನ್ನ ಸೋಬಾನೆ ಯಾರಿಗೂ ಬೇಡವಾಯ್ತಲ್ಲ' ಅಂತ ಬೇಜಾರು ಮಾಡಿಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ಸ್ನೇಹಿತರ ಜೊತೆ ಕುಣಿಯುವ ಆಸೆ ನನಗೂ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಆಸೆ ಪತ್ರದ ಕೊನೆಯಲ್ಲಿ, ಹೆದರಿಕೊಂಡೇ ಬಂದಿದೆ. ಅದು ಅಪ್ಪನಿಗೆ ಗೊತ್ತೇ ಇಲ್ಲ, ಅಲ್ವಾ? ಅವರು ಸಿಟ್ಟಾಗಿರುವುದು ಬೀಗರ ಮನೆಯ ಹುಡುಗ ತಮ್ಮನ್ನು ಕೇಳದೆ ಅಡ್ವಾನ್ಸ್ ಕೊಟ್ಟ ಅಂತ. ಮಗಳಿಗೂ ಇದು ಬೇಕು ಅಂತ ಅವರ ಕಿವಿಗೆ ಯಾರೂ ಹಾಕಿಲ್ಲ. ಹಾಗಾಗಿ ಮೊದಲ ಕೆಲಸ ನಿಮ್ಮದೇ. ಒಂದು ಭಾನುವಾರ ಊರಿಗೆ ಹೋಗಿ. ಫೋನಿನಲ್ಲಿ ಈ ಮಾತು ಬೇಡ. 'ಅಪ್ಪಾ, ವಾಲಗ ನಿಮಗೆಷ್ಟು ಬೇಕೋ ನನಗೂ ಅಷ್ಟೇ ಬೇಕು. ಆದರೆ ರಾತ್ರಿ ಒಂದು ಗಂಟೆ ಹೊತ್ತು ನನ್ನ ಸ್ನೇಹಿತರ ಜೊತೆ ಕುಣೀಬೇಕು ಅಂತ ಆಸೆ' ಅಂತ ನೇರವಾಗಿ ಹೇಳಿ. ಮೈದುನನ ಹೆಸರು ಮಧ್ಯೆ ತರಬೇಡಿ.

ತಮ್ಮನ ಹತ್ತಿರ ಮಾತಾಡಬೇಕಾದವರು ಹುಡುಗ. ಅಪ್ಪನ ಹತ್ತಿರ ನೀವು, ತಮ್ಮನ ಹತ್ತಿರ ಅವರು. ಇಷ್ಟನ್ನು ಮದುವೆಗೆ ಮೊದಲೇ ಇಬ್ಬರೂ ರೂಢಿ ಮಾಡಿಕೊಳ್ಳಿ. ನಿಮ್ಮ ಹುಡುಗ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಆದರೆ 'ನೀನೇ ಹೇಳು' ಅಂತ ಅವರು ಕೈ ತೊಳೆದುಕೊಂಡಿದ್ದು ನನಗೆ ಸರಿ ಕಾಣಲಿಲ್ಲ.

ಇನ್ನು ಸಂಗೀತದ ವಿಷಯ. ವಾಲಗದಲ್ಲಿ ರಾಜಿ ಬೇಡ, ಇಲ್ಲಿ ನಾನು ಪೂರ್ತಿ ಅಪ್ಪನ ಕಡೆ. ಇತ್ತೀಚೆಗೆ ಎಷ್ಟೋ ಛತ್ರಗಳಲ್ಲಿ ಪೆನ್‌ಡ್ರೈವ್ ಹಾಕಿ ನಾದಸ್ವರ ಕೇಳಿಸುತ್ತಾರೆ. ಅದಕ್ಕೆ ಮಂಟಪದಲ್ಲಿ ನಡೆಯುವುದು ಕಾಣಿಸುವುದಿಲ್ಲ. ನುಡಿಸುವವರಿಗೆ ಕಾಣಿಸುತ್ತದೆ. ನೀವೇ ಗಮನಿಸಿ: ಹುಡುಗ ತಾಳಿ ಕೈಗೆತ್ತಿಕೊಳ್ಳುವಾಗ ಡೋಲಿನವರ ಕಣ್ಣು ಪುರೋಹಿತರ ಕೈ ಮೇಲೇ ಇರುತ್ತದೆ. ಅವರು ಬೆರಳೆತ್ತಿ ಆಡಿಸಿದ ಕೂಡಲೇ ಅಲ್ಲಿಯವರೆಗಿನ ರಾಗ ಬಿಟ್ಟು ಗಟ್ಟಿಮೇಳ. ಆ ಹೊತ್ತಿಗೆ ಸೀನು, ಅಳು, ಅಪಶಕುನದ ಮಾತು ಯಾವುದೂ ಕಿವಿಗೆ ಬೀಳಬಾರದು ಅಂತ ಹಿರಿಯರು ಮಾಡಿಕೊಂಡ ಏರ್ಪಾಡು ಅದು. ಶಕುನ ನಂಬಿ, ಬಿಡಿ, ಆ ಸದ್ದಿಗೆ ಇಡೀ ಛತ್ರ ಮಾತು ನಿಲ್ಲಿಸಿ ಮಂಟಪದ ಕಡೆ ತಿರುಗುತ್ತದೆ. ಆದ್ದರಿಂದ ವಾಲಗದವರನ್ನು ಬಾಗಿಲ ಹತ್ತಿರದ ಮೂಲೆಗೆ ತಳ್ಳಬೇಡಿ. ಮಂಟಪ ಕಾಣುವ ಹಾಗೆ ಕೂರಿಸಿ. ವಿಡಿಯೋದವರಿಗೂ ಅವರಿಗೆ ಅಡ್ಡ ನಿಲ್ಲಬೇಡಿ ಅಂತ ಮೊದಲೇ ಹೇಳಿಬಿಡಿ.

ನಿಮ್ಮ ಮದುವೆಗೆ ಇನ್ನೊಂದು ಸೂಕ್ಷ್ಮ ಇದೆ. ಮಂಡ್ಯ, ಮೈಸೂರಿನ ಕಡೆಯವರಿಗೆ ತಾಳಿ ಕಟ್ಟುವ ಹೊತ್ತೇ ದೊಡ್ಡದು. ಧಾರವಾಡದ ಕಡೆ ಮಂಗಲಾಷ್ಟಕ ಹೇಳಿ ಅಕ್ಷತೆ ಹಾಕುವುದಕ್ಕೂ ಅಷ್ಟೇ ಮಹತ್ವ. ಮದುವೆಗೆ ಹೋಗಿಬರುವುದನ್ನೇ ಅವರು 'ಅಕ್ಕಿಕಾಳು ಹಾಕಿ ಬಂದ್ವಿ' ಅನ್ನುತ್ತಾರೆ. ಮಂಗಲಾಷ್ಟಕ ನಡೆಯುವಾಗ ನಿಮ್ಮೂರಿನವರು ತಮ್ಮ ಪಾಡಿಗೆ ನುಡಿಸುತ್ತಿದ್ದರೆ ಬೀಗರಿಗೆ ಒಂದು ಅಕ್ಷರವೂ ಕೇಳಿಸದು. ಸುಮ್ನೆ ಮನಸ್ತಾಪ. ಎರಡೂ ಕಡೆಯ ಪುರೋಹಿತರು ಮತ್ತು ವಾಲಗದ ಮುಖ್ಯಸ್ಥರು ಮೊದಲೇ ಒಮ್ಮೆ ಮಾತಾಡಿಕೊಳ್ಳಲಿ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಜೋರು ಮಾಡಬೇಕು ಅನ್ನುವುದು ಅವರಿಗೆ ಗೊತ್ತಿರಲಿ. ರಾಗದ ಆಯ್ಕೆ ಅವರಿಗೇ ಬಿಡಿ. ನಾಟದಲ್ಲಿ ಶುರು ಮಾಡಿ, ಶಾಸ್ತ್ರದ ಹೊತ್ತಿಗೆ ಆನಂದಭೈರವಿಯೋ ಕಲ್ಯಾಣಿಯೋ ನುಡಿಸಿ, ಮಧ್ಯಮಾವತಿಯಲ್ಲಿ ಮುಗಿಸುವ ಅಂದಾಜು ಅವರಿಗಿರುತ್ತದೆ. ಸಿನಿಮಾ ಹಾಡು ಕೇಳುವವರು ತಿಂಡಿ ಹೊತ್ತಿನಲ್ಲಿ ಕೇಳಲಿ.

ಒಂದು ಮಾತು, ದಯವಿಟ್ಟು ಮರೆಯಬೇಡಿ. ವಾಲಗದವರನ್ನು ಕೊನೆಯ ಪಂಕ್ತಿಗೆ ನೂಕುವುದನ್ನು ನಮ್ಮ ಮದುವೆಗಳಲ್ಲಿ ಬಹಳ ನೋಡಿದ್ದೇನೆ. ಬೆಳಗಿನ ಜಾವದಿಂದ ಉಸಿರು ಕಟ್ಟಿ ಊದಿದವರಿಗೆ ತಣ್ಣಗಾದ ಅನ್ನ, ಮುಗಿದುಹೋದ ಪಾಯಸ. ಎರಡು ತಲೆಮಾರಿನ ಋಣ ಅಂತ ಕರೆಸುವ ಅಪ್ಪ ಅವರಿಗೆ ಹೊತ್ತಿಗೆ ಸರಿಯಾಗಿ ಎಲೆ ಹಾಕಿಸಲಿ. ಎಲೆ ಅಡಿಕೆ, ಪಂಚೆ, ಸಂಭಾವನೆಯನ್ನು ಎಲ್ಲರೆದುರು ಕೊಡಲಿ. ಇದನ್ನು ನೀವೇ ಅಪ್ಪನಿಗೆ ಹೇಳಿ, ಖುಷಿಪಡುತ್ತಾರೆ.

ಅಜ್ಜಿಯ ವಿಷಯಕ್ಕೆ ಮೈಕ್ ಬೇಕೇ ಇಲ್ಲ. ಸೋಬಾನೆಗೆ ಬೇಕಾದದ್ದು ಸೊಲ್ಲು ಎತ್ತಿಕೊಳ್ಳುವವರು. ಒಬ್ಬರು ಹಾಡಿದ ಸಾಲನ್ನು ಉಳಿದವರು ತಿರುಗಿ ಹೇಳಬೇಕು. ಆ ಉಳಿದವರೇ ಈಗ ಇಲ್ಲ, ಅಜ್ಜಿಯ ಬೇಜಾರೂ ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಊರಿಗೆ ಹೋದಾಗ ಅವರ ಪಕ್ಕ ಕೂತು ಒಂದೆರಡು ಪದ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅಕ್ಕ ತಂಗಿಯರಿಗೆ, ಗೆಳತಿಯರಿಗೆ ಕಳಿಸಿ. ಮನೆಯಲ್ಲಿ ಅರಿಶಿನ ಹಚ್ಚುವಾಗ, ಬಳೆ ತೊಡಿಸುವಾಗ ನಾಲ್ಕು ಜನ ಸೊಲ್ಲು ಎತ್ತಿಕೊಂಡರೂ ಸಾಕು. ಛತ್ರದಲ್ಲಿ ಹೆಣ್ಣೊಪ್ಪಿಸುವ ಹೊತ್ತಿಗೆ ಹತ್ತು ನಿಮಿಷ ವಾಲಗ ನಿಲ್ಲಿಸಿಸಿ. ಅಲ್ಲಿ ಅಜ್ಜಿ ಹಾಡಲಿ.

ಈಗ ಡಿಜೆ. ಅಪ್ಪ ಹೇಳುವುದರಲ್ಲಿ ನಿಜ ಇದೆ. ರಿಸೆಪ್ಷನ್ ಅಂದರೆ ಜನ ಸಾಲಿನಲ್ಲಿ ನಿಂತು ನಿಮ್ಮನ್ನು ಮಾತಾಡಿಸಲು ಬರುವ ಹೊತ್ತು. ದೂರದಿಂದ ಬಂದ ದೊಡ್ಡಪ್ಪ ಸ್ಟೇಜ್ ಹತ್ತಿ 'ಚೆನ್ನಾಗಿರಿ' ಅಂದರೆ ಕೇಳಿಸಬೇಕು. ಏಳರಿಂದ ಎಂಟೂವರೆಯವರೆಗೆ ಕೊಳಲೋ ವೀಣೆಯೋ, ಯಾರಾದರೂ ಭಾವಗೀತೆ ಹಾಡುವವರೋ ಇರಲಿ. ಧಾರವಾಡದ ಬೀಗರಿಗೆ ಸಿತಾರ್, ಹಿಂದೂಸ್ತಾನಿ ಇಷ್ಟವಿದ್ದರೆ ಆ ಒಂದೂವರೆ ಗಂಟೆಯ ಆಯ್ಕೆ ಅವರದ್ದೇ ಆಗಲಿ. ಅವರಿಗೂ ಮದುವೆ ತಮ್ಮದು ಅನ್ನಿಸುತ್ತದೆ.

ಸ್ಟೇಜಿನ ಸಾಲು ಕರಗಿದ ಮೇಲೆ ಎಂಟೂ ಮುಕ್ಕಾಲಿನಿಂದ ಒಂದು ಗಂಟೆ ಡಿಜೆ. ಹೆಣ್ಣಿನ ಅಪ್ಪ ಆ ಹೊತ್ತಿಗೆ ಎಲ್ಲಿರುತ್ತಾರೆ ಹೇಳಿ? ಊಟದ ಮನೆಯಲ್ಲಿ, 'ಇನ್ನೊಂದು ಹೋಳಿಗೆ ಹಾಕಿ' ಅಂತ ಓಡಾಡುತ್ತಿರುತ್ತಾರೆ. ಅವರು ಎದುರು ನಿಂತು ಸಹಿಸಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಸ್ಪೀಕರ್‌ಗಳು ಊಟದ ಮನೆಗೂ ವಯಸ್ಸಾದವರು ಕೂರುವ ಕಡೆಗೂ ಮುಖ ಮಾಡದಿರಲಿ. ಒಂಬತ್ತೂ ಮುಕ್ಕಾಲಿಗೆ ನಿಲ್ಲಿಸಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ, ಮಾರನೇ ದಿನ ನೀವು ನಸುಕಿಗೇ ಎದ್ದು ಎಣ್ಣೆ ನೀರು ಹಾಕಿಸಿಕೊಳ್ಳಬೇಕು. ಮಧ್ಯರಾತ್ರಿವರೆಗೆ ಕುಣಿದರೆ ಮುಹೂರ್ತದಲ್ಲಿ ತೂಕಡಿಸುತ್ತೀರಿ.

ಛತ್ರದವರು ಸಿನಿಮಾ ಹಾಡಿಗೆ ಲೈಸೆನ್ಸ್ ಫೀಸು ಕೇಳಿದರೆ ಗಾಬರಿ ಬೇಡ. ಕಾಪಿರೈಟ್ ಕಾಯ್ದೆಯಲ್ಲಿ ಮದುವೆ ದಿಬ್ಬಣಕ್ಕೂ ಮದುವೆಗೆ ಸೇರಿದ ಇತರ ಸಮಾರಂಭಗಳಿಗೂ ವಿನಾಯಿತಿ ಇದೆ. 2023ರಲ್ಲಿ ಕೇಂದ್ರ ಸರ್ಕಾರವೂ ಇದನ್ನು ಮತ್ತೆ ಸ್ಪಷ್ಟಪಡಿಸಿದೆ.

ಇಷ್ಟೆಲ್ಲ ಹೇಳಿದ ಮೇಲೂ ಅಪ್ಪ ಒಪ್ಪದಿದ್ದರೆ? ಆಸೆ ನಿಮ್ಮದು ಅಂತ ಗೊತ್ತಾದ ಮೇಲೂ ಅವರು ಬೇಡ ಅಂದರೆ ಡಿಜೆಯನ್ನು ಧಾರವಾಡಕ್ಕೆ ಸಾಗಿಸಿ. ಗಂಡಿನ ಕಡೆಯವರು ತಮ್ಮೂರಲ್ಲಿ ಒಂದು ರಿಸೆಪ್ಷನ್ ಇಟ್ಟುಕೊಳ್ಳುವುದು ಹೇಗೂ ವಾಡಿಕೆ. ಅಲ್ಲಿ ಯಜಮಾನಿಕೆ ಅವರದ್ದು, ಮೈದುನನ ಅಡ್ವಾನ್ಸೂ ಪೂರ್ತಿ ಮುಳುಗಲಿಕ್ಕಿಲ್ಲ. ನಿಮ್ಮ ಸ್ನೇಹಿತರಲ್ಲಿ ರೈಲು ಹತ್ತಿ ಬರುವವರು ಬಂದೇ ಬರುತ್ತಾರೆ. ಆದರೆ 'ಡಿಜೆ ಬೇಡ ಅಂದಿದ್ದೇವೆ' ಅಂತ ಅಪ್ಪನಿಗೆ ಹೇಳಿಬಿಟ್ಟು, ಕೊನೇ ಗಳಿಗೆಯಲ್ಲಿ ಸ್ಪೀಕರ್ ತಂದು ಇಳಿಸುವ ಕೆಲಸ ಮಾತ್ರ ಬೇಡ. ಯಾರಾದರೂ ಆ ಉಪಾಯ ಹೇಳಿಕೊಟ್ಟರೆ ಅಲ್ಲೇ ತಡೆಯಿರಿ.